ತಾಟಿನ ಮೇಲಿನ ಊರು

ಹೋದ ವಾರ ನನ್ನ ಅಣ್ಣನ ಮಗಳನ್ನು ಸೋಲಾಪುರದ ಹಾಸ್ಟೆಲಿಗೆ ಬಿಡಲು ಹೋಗಿದ್ದೆ. ಕಾಲೇಜಿನ ಮೊದಲ ವರ್ಷ, ಮೂರನೇ ಮಾಳಿಗೆಯ ಖೋಲಿ. ನನ್ನ ಮನೆ ಅದೇ ಊರಲ್ಲಿದ್ದರೂ ಓರಗೆಯವರ ಜೋಡಿಯೇ ಇರುತ್ತೇನೆ ಅಂದಿದ್ದಳು. ಹುಡುಗಿ ಚೀಲ ಬಿಚ್ಚಿ, ಅವರವ್ವ ಕಟ್ಟಿಕೊಟ್ಟ ಡಬ್ಬಿಯ ಮುಚ್ಚಳ ತೆಗೆದಳು. ಒರಳಲ್ಲಿ ಕುಟ್ಟಿದ ಶೇಂಗಾ ಚಟ್ನಿ. ಬಳ್ಳೊಳ್ಳಿ, ಕೆಂಪು ಖಾರ, ಕುಟ್ಟುವಾಗ ಬಿಟ್ಟ ಶೇಂಗಾದ ಎಣ್ಣೆ, ಮೂರೂ ಕೂಡಿದ ಆ ವಾಸನೆ ಖೋಲಿ ತುಂಬಿಕೊಂಡಿತು. ಮಲಗಲು ಕಿಟಕಿ ಕಡೆಯ ಕಾಟು ನಮ್ಮ ಹುಡುಗಿಗೇ ಕೊಡಬೇಕು ಅಂತ ವಾರ್ಡನ್ ಬಾಯಿಯವರ ಜೋಡಿ ವಾದಕ್ಕೆ ನಿಂತಿದ್ದ ನಾನು ನಡುವೆಯೇ ಸುಮ್ಮನಾಗಿಬಿಟ್ಟೆ. ಮಾತಿಗೆ ನಿಂತರೆ ನಡುವೆ ಸುಮ್ಮನಾಗುವ ಪೈಕಿ ಅಲ್ಲ ನಾನು. ಆದರೆ ಆ ವಾಸನೆಗೆ ಕಾಕು ನೆನಪಾದರು...

ಕಾಕು ಅಂದರೆ ಚಿಕ್ಕಮ್ಮ, ಆದರೆ ಇವರು ನನ್ನ ಸ್ವಂತ ಕಾಕು ಅಲ್ಲ. ನನ್ನ ಮೊದಲ ವರ್ಷದಲ್ಲಿ ಖೋಲಿ ಕೊಟ್ಟವರು, ಅನ್ನ ಹಾಕಿದವರು. ಆ ಓಣಿಯಲ್ಲಿ ಎಲ್ಲರಿಗೂ ಅವರು ಕಾಕು. ಬೇರೆ ಹೆಸರಿನಿಂದ ಯಾರೂ ಅವರನ್ನು ಕರೆದದ್ದು ನಾನು ಕೇಳಿಲ್ಲ.

ನಾನು ಕುರನೂರಿನ ಕುರಿಯವರ ಮನೆಯ ಹುಡುಗಿ. ಅಪ್ಪ ಮಾತು ಕಡಿಮೆಯವನು, ಕುರಿಯವರ ದೇವರು ಬೀರೋಬಾನ ಮುಂದೆ ನಿಂತರೂ ಏನನ್ನೂ ಬೇಡದೆ ಕೈ ಮುಗಿದು ಬರುವ ಮನುಷ್ಯ. ಕುರಿ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುತ್ತಾರಲ್ಲ, ಅಲ್ಲಿ ಅಪ್ಪ ಬೇಗ ತಲೆಯಾಡಿಸಿಬಿಡುತ್ತಿದ್ದ. ನೋಡಿ ನೋಡಿ ಸಾಕಾಗಿ, ಹತ್ತು ವರ್ಷದವಳಿದ್ದಾಗ ಒಂದು ದಿನ ಆ ಟವೆಲ್ಲಿನೊಳಗೆ ನಾನೇ ಕೈ ತೂರಿಸಿದೆ. "ಏ ಹುಡುಗಿ, ಕೈ ತಗಿ" ಅಂದ ದಲಾಲ. "ಕೇಳಿದ್ರ ಏನ್ ಹೋಗ್ತೈತ್ರಿ ಕಾಕಾ?" ಅಂದೆ. ಸುತ್ತ ನಿಂತವರು ನಕ್ಕರು, ದರ ಮಾತ್ರ ಏರಿತು. ಆವತ್ತಿನಿಂದ ನನ್ನ ಮಾತು ಅದೇ. ಇವತ್ತು ಸೋಲಾಪುರದಲ್ಲಿ ನನ್ನದೇ ಚಾದರಿನ ಅಂಗಡಿ ಇದೆ. ಯಾರೂ ಎತ್ತಿ ಕೊಟ್ಟದ್ದಲ್ಲ. ಕೇಳಿ ಕೇಳಿ ಕಟ್ಟಿದ್ದು.

ಹನ್ನೆರಡನೇ ತರಗತಿ ಮುಗಿಸಿ ಸೋಲಾಪುರದ ಕಾಲೇಜಿಗೆ ಹೆಸರು ಹಚ್ಚಿದಾಗ ತೊಡಕು ಒಂದೇ ಇತ್ತು. ಮೊದಲ ತಾಸು ಮುಂಜಾನೆ ಏಳೂವರೆಗೆ. ನಮ್ಮೂರಿನಿಂದ ಮೊದಲ ಎಸ್.ಟಿ. ಬಸ್ಸು ಹಿಡಿದು, ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ, ಸೋಲಾಪುರ ಮುಟ್ಟುವುದರಲ್ಲಿ ಹತ್ತು ಹೊಡೆಯುತ್ತಿತ್ತು. ಅಂದರೆ ಸೋಲಾಪುರದಲ್ಲೇ ಇರಲು ಜಾಗ ಸಿಕ್ಕರೆ ಕಾಲೇಜು, ಸಿಗದಿದ್ದರೆ ಮತ್ತೆ ಕುರಿಗಳ ಹಿಂದೆ. ಕುರಿ ಕಾಯುವುದು ಕೀಳಲ್ಲ, ಆದರೆ ಅದು ನನಗೆ ಬರುತ್ತಿತ್ತು. ಬಾರದ್ದನ್ನು ಕಲಿಯುವ ಆಸೆ ನನಗೆ.

ಅಪ್ಪ ನನ್ನ ಜೋಡಿ ಬಂದ. ಹೆಗಲ ಮೇಲೆ ಕಂಬಳಿ, ತಲೆಗೆ ಪಟಗ. ಅವನು ಹಾಸ್ಟೆಲು ನೋಡಿದ ರೀತಿಯೇ ಬೇರೆ. ಮೊದಲು ಹೋದ ಕಡೆ ಗೋಡೆಗೆ ಅಂಗೈ ಹಚ್ಚಿ ನಿಂತ, ನೆಲ ಮುಟ್ಟಿ ಮೂಸಿದ.

"ಗ್ವಾಡಿ ಹಸಿ ಐತಿ. ಇಲ್ಲಿ ಕುರಿ ಕಟ್ಟಿದ್ರ ಗೊರಸಿಗೆ ಹುಣ್ಣ ಹಿಡೀತಾವು" ಅಂದ.

ಅಲ್ಲಿಯ ವಾರ್ಡನ್ ಬಾಯಿಯವರಿಗೆ ಸಿಟ್ಟು ಬಂತು. "ಇಲ್ಲಿ ಕುರಿ ಕಟ್ಟೂದಿಲ್ರಿ, ಹುಡುಗ್ಯಾರ ಇರ್ತಾರ."

"ಅದಕ್ಕೇ ಹೇಳಾಕತ್ತೀನ್ರಿ" ಅಂದ ಅಪ್ಪ, ತಣ್ಣಗೆ.

ಎರಡನೆಯದು ಥಳಥಳ ಇತ್ತು. ನಾನು ಒಪ್ಪಿಕೊಳ್ಳುವವಳೇ ಇದ್ದೆ. ಆದರೆ ಹಿತ್ತಲಿನ ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹುಡುಗಿಯನ್ನು ಊಟ ಹೇಗೆ ಅಂತ ಕೇಳಿದೆ. ಆಕೆ ಹಿಂದೆ ಮುಂದೆ ನೋಡಿ, ಎರಡು ಬೆರಳು ತೋರಿಸಿ, ಆಮೇಲೆ ಕೈ ಅಲ್ಲಾಡಿಸಿದಳು. ಎರಡು ರೊಟ್ಟಿ ಆದಮೇಲೆ ಮೂರನೆಯದು ಕೇಳುವಂತಿಲ್ಲ. ಹಾಸ್ಟೆಲು ಹುಡುಕುವವರಿಗೆ ಇವತ್ತಿಗೂ ನಾನು ಹೇಳುವುದು ಇದನ್ನೇ. ವಾರ್ಡನ್ನರ ಕೋಣೆಯಲ್ಲಿ ಕೂತು ಕೇಳಬೇಡಿ, ನಳದ ಹತ್ತಿರ ಹೋಗಿ ಕೇಳಿ. ಹೋಗುವುದಾದರೆ ಊಟದ ಹೊತ್ತಿಗೇ ಹೋಗಿ.

ಮೂರನೆಯದು ಕಾಕುವಿನ ಮನೆ. ಹಾಸ್ಟೆಲು ಅಂತ ಬೋರ್ಡು ಇರಲಿಲ್ಲ. ಹಳೇ ಪೇಟೆಯ ಓಣಿಯಲ್ಲಿ ಎರಡು ಮಾಳಿಗೆಯ ಮನೆ, ಗಂಡನ ಕಡೆಯವರು ಕಿರಾಣಿ ವ್ಯಾಪಾರದವರು. ಗಂಡ ತೀರಿಕೊಂಡಮೇಲೆ ಕಾಕು ಮೇಲಿನ ಖೋಲಿಗಳನ್ನು ಕಾಲೇಜು ಹುಡುಗಿಯರಿಗೆ ಕೊಟ್ಟು, ಕೆಳಗೆ ಬಾಗಿಲ ಕಟ್ಟೆಯ ಮೇಲೆ ಶೇಂಗಾ ಚಟ್ನಿ ಮಾರುತ್ತಿದ್ದರು. ನಾವು ಹೋದಾಗ ಒರಳಿನ ಮುಂದೆ ಕೂತಿದ್ದರು. ಗಿಡ್ಡನೆಯ ಆಳು, ದಪ್ಪ ಚಷ್ಮಾ, ಮೊಣಕೈವರೆಗೆ ಖಾರದ ಕೆಂಪು. ಅಪ್ಪ ಗೋಡೆ ಮುಟ್ಟಿ ನೋಡಿ ತಲೆಯಾಡಿಸಿದ. ಇನ್ನು ಮಾತು ನನ್ನದು.

"ಊಟ ಎರಡು ಹೊತ್ತು. ರವಿವಾರ ಸಂಜಿ ಮೆಸ್ ಬಂದ್" ಅಂದರು ಕಾಕು.

"ರವಿವಾರ ಸಂಜಿ ಹೊಟ್ಟಿನೂ ಬಂದ್ ಇರ್ತೈತೇನ್ರಿ?" ಅಂದೆ.

ಕಾಕು ಚಷ್ಮಾದ ಮೇಲಿನಿಂದ ನೋಡಿದರು. "ಮತ್ತ ಏನ್ ಮಾಡೂಣು ಅಂತಿ?"

"ರವಿವಾರ ನಿಮ್ಮ ಚಟ್ನಿ ನಾ ಕುಟ್ಟಿ ಕೊಡ್ತೀನಿ. ಸಂಜೀಕ ಊಟ ಹಾಕ್ರಿ. ಮತ್ತ ಬಾಡಿಗಿ ಅರ್ಧ ಜ್ವಾಳದಾಗ ತಗೋರಿ. ನಮ್ಮ ಹೊಲದ ಜ್ವಾಳ, ರೊಟ್ಟಿ ಎಷ್ಟ್ ತೆಳ್ಳಗ ಬಡದ್ರೂ ಹರಿಯಂಗಿಲ್ಲ."

ಅಪ್ಪ ನಾಚಿ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ಕಾಕು ಎಲ್ಲದಕ್ಕೂ ಹೂಂ ಅಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಎದುರಿನವರು ಎಲ್ಲದಕ್ಕೂ ಹೂಂ ಅನ್ನುತ್ತಿದ್ದಾರೆ ಅಂದರೆ ಅವರ ಹತ್ತಿರ ಇನ್ನೊಂದು ಮಾತು ಇದೆ ಅಂತ ತಿಳಿಯಬೇಕು.

"ಖೋಲಿ ನಂದು ಖರೇ" ಅಂದರು ಕಾಕು, ಕೈ ಒರೆಸಿಕೊಳ್ಳುತ್ತಾ. "ಆದ್ರ ನೀ ಇರೂದು ನನ್ನ ಜೋಡಿ ಅಲ್ಲ, ಮ್ಯಾಲಿನ ಇಬ್ಬರ ಜೋಡಿ. ಒಂದು ತಿಂಗಳು ಕಚ್ಚಾ. ತಿಂಗಳಾದಮ್ಯಾಲ ಅವರನ್ನ ಕೇಳ್ತೀನಿ. ಇರಲಿ ಅಂದ್ರ ಪಕ್ಕಾ. ಬ್ಯಾಡ ಅಂದ್ರ ನಿನ್ನ ಜ್ವಾಳದ ಚೀಲ ನಾನೇ ಎಸ್.ಟಿ. ಮ್ಯಾಲ ಹಾಕಿಸಿ ಕೊಡ್ತೀನಿ."

"ಇದರಾಗ ಏನರ ಹೆಚ್ಚು ಕಮ್ಮಿ?"

"ಇದರಾಗ ಇಲ್ಲ."

ಆ ಮನೆಯ ಪದ್ಧತಿ ಹಾಗಿತ್ತು. ಕಚ್ಚಾ ಇರುವ ತನಕ ಅಕ್ಷರ ಇಲ್ಲದ ಬರೀ ತಾಟಿನಲ್ಲಿ ಊಟ. ಪಕ್ಕಾ ಆದ ದಿನ ಕಾಕು ಭಾಂಡೆ ಅಂಗಡಿಗೆ ಹೋಗಿ ಹೊಸ ಸ್ಟೀಲಿನ ತಾಟು ತಂದು, ಅಂಚಿನ ಮೇಲೆ ಮಶೀನಿನಿಂದ ಅಕ್ಷರ ಕೊರೆಸುತ್ತಿದ್ದರು. ಹುಡುಗಿಯ ಹೆಸರಲ್ಲ, ಆಕೆಯ ಊರು. ಕಾಕು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನ್ನ ಖೋಲಿಯ ಇಬ್ಬರಲ್ಲಿ ಒಬ್ಬಳು ಮಂಗಳವೇಢೆ, ಅಡತಿ ವ್ಯಾಪಾರದವರ ಮಗಳು, ಬಾಯಿ ತೆಗೆದರೆ ಮರಾಠಿ, ಕನ್ನಡ ಅರ್ಧಮರ್ಧ. ಇನ್ನೊಬ್ಬಳು ಬೋರಾಮಣಿ, ಒಕ್ಕಲುತನದವರ ಮನೆಯವಳು, ಮಾತು ಸಣ್ಣ, ಸಿಟ್ಟು ದೊಡ್ಡ. ಇಬ್ಬರೂ ಎರಡನೇ ವರ್ಷದವರು. ನಾನು ಕುರನೂರ. "ಏ ಕುರನೂರ, ಕೆಳಗ ಬಾ" ಅಂದರೆ ಇಡೀ ಊರನ್ನೇ ಕರೆದಂತೆ ಆಗುತ್ತಿತ್ತು.

ಈಗ ನಾನು ಮಾಡಿದ ತಪ್ಪು ಹೇಳಬೇಕು. ಸಂತೆಯಲ್ಲಿ ಬೆಳೆದವರೇ ಮಾಡುವ ತಪ್ಪು ಅದು.

ತಿಂಗಳಲ್ಲಿ ಈ ಇಬ್ಬರನ್ನು ಗೆಲ್ಲಬೇಕು ಅಂತ ನನಗೆ ತಿಳಿದಿತ್ತು. ಗೆಲ್ಲುವುದು ಅಂದರೆ ನನಗೆ ಒಂದೇ ದಾರಿ ಗೊತ್ತು. ಅವರಿಗೆ ಬೇಕಾದ್ದು ಕೊಡು, ನನಗೆ ಬೇಕಾದ್ದು ತಗೋ, ಇಬ್ಬರೂ ಖುಷಿ. ಸೋಲಾಪುರದಲ್ಲಿ ನಳದ ನೀರು ದಿನಾ ಬರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಬಂದರೆ ಬಂತು, ಆವಾಗ ತುಂಬಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಬೋರಾಮಣಿಗೆ ಕೊಡ ಹೊತ್ತು ಮೆಟ್ಟಿಲು ಏರುವುದು ಆಗುತ್ತಿರಲಿಲ್ಲ. "ನಾ ನಿನ್ನ ನೀರು ತುಂಬ್ತೀನಿ, ನೀ ನನಗ ಕಿಟಕಿ ಕಡಿ ಕಾಟ ಕೊಡು" ಅಂದೆ. ಕೊಟ್ಟಳು. ಮಂಗಳವೇಢೆಗೆ ಮುಂಜಾನೆ ಏಳಲು ಬೇಸರ. ಆಕೆಯ ಮೊದಲ ಸ್ನಾನದ ಪಾಳಿ ನನಗೆ ಬಂತು, ಬದಲಿಗೆ ಆಕೆಯ ಬಟ್ಟೆ ನಾನು ಒಣಹಾಕುವುದು. ಸಾಮಾನು ಇಡುವ ಗೋಡೆಯ ದೊಡ್ಡ ಫಳಿ, ಕನ್ನಡಿ ಹತ್ತಿರದ ಮೊಳೆ, ಒಂದೊಂದಕ್ಕೂ ಒಂದೊಂದು ಒಪ್ಪಂದ. ಎರಡು ವಾರದಲ್ಲಿ ಖೋಲಿಯ ಒಳ್ಳೆಯದೆಲ್ಲ ನನ್ನ ಕಡೆ ಇತ್ತು. ಯಾರಿಗೂ ಮೋಸ ಮಾಡಿರಲಿಲ್ಲ ಮತ್ತೆ! ಹೇಳಿದ ಕೆಲಸ ಹೇಳಿದ ಹೊತ್ತಿಗೆ ಮಾಡಿಕೊಟ್ಟಿದ್ದೆ. ಕಾಲೇಜಿನಲ್ಲೂ ಅಷ್ಟೇ, ನೋಟ್ಸು ಕೇಳಿದವರಿಗೆ ನೋಟ್ಸು ಕೊಟ್ಟು ಮುಂದಿನ ಬೆಂಚು ಹಿಡಿದಿದ್ದೆ.

ಆ ನಡುವೆ ಒಮ್ಮೆ ಊರಿಗೆ ಹೋಗಿ ಜೋಳ ತಂದೆ. ಒಳಗೆ ಬರುತ್ತಿದ್ದಂತೆ ಕಾಕು ಕೇಳಿದರು.

"ಬಸ್ ಎಲ್ಲಿ ಬದಲಿ ಮಾಡಿದಿ?"

"ಅಕ್ಕಲಕೋಟದಾಗ್ರಿ."

"ಸ್ಟ್ಯಾಂಡಿನ್ಯಾಗ ಗದ್ದಲ ಇತ್ತೇನು? ಅಲ್ಲಿ ಒಂದು ಬೇವಿನ ಗಿಡ ಇತ್ತಲ, ಅದನೋ ಕಡದ್ರೋ?"

"ಐತ್ರಿ" ಅಂದೆ. ದಾರಿಯಲ್ಲಿ ಒಬ್ಬಳೇ ಬರುವ ಹುಡುಗಿಗೆ ಹಿರಿಯರು ಕೇಳುವ ಮಾತು ಅಂದುಕೊಂಡೆ. ಆಮೇಲೆ ಮೂರು ವರ್ಷ, ಪ್ರತಿ ಸಲ ಊರಿನಿಂದ ಬಂದಾಗಲೂ ಇದೇ ಪ್ರಶ್ನೆ. ಪ್ರತಿ ಸಲ ಇದೇ ಉತ್ತರ...

ಮೂರನೇ ವಾರ ಮಂಗಳವೇಢೆಯ ಮನೆಯಿಂದ ಶೇಂಗಾ ಹೋಳಿಗೆ ಬಂದವು. ಡಬ್ಬಿ ಖೋಲಿಯಿಂದ ಖೋಲಿಗೆ ತಿರುಗಿ ಕೊನೆಗೆ ನನ್ನ ಮುಂದೆ ಬಂತು. ನಾನು ಕೈ ಚಾಚಿದಾಗ ಮಂಗಳವೇಢೆ ಡಬ್ಬಿ ಹಿಂದಕ್ಕೆ ಎಳೆದಳು.

"ಇದಕ್ಕ ಏನ್ ಕೊಡ್ತೀಸ್?" ಅಂದಳು, ತನ್ನ ಮರಾಠಿ ಬೆರೆತ ಕನ್ನಡದಲ್ಲಿ.

ನಾನು ಒಂದು ಕ್ಷಣ ವಿಚಾರ ಮಾಡಿದೆ. "ಬೆಲ್ಲ ಐತಿ. ಊರಿಂದ ತಂದದ್ದು. ಒಂದು ಹೋಳಿಗಿಗೆ ಎಷ್ಟ್ ಬೇಕು?"

ಖೋಲಿಯಲ್ಲಿ ಇದ್ದವರೆಲ್ಲ ಒಮ್ಮೆಲೇ ನಕ್ಕರು. "ಅಗ ಬಾಯಿ ಗ!" ಅಂತ ಮಂಗಳವೇಢೆ ಹೊಟ್ಟೆ ಹಿಡಿದುಕೊಂಡು ಕಾಟಿನ ಮೇಲೆ ಬಿದ್ದಳು. ಬೋರಾಮಣಿ ಮಾತ್ರ ನಗಲಿಲ್ಲ. "ಖರೇನೇ ವಿಚಾರ ಮಾಡಾಕತ್ತಾಳ ನೋಡು" ಅಂದಳು. ಹೋಳಿಗೆ ಕೊಟ್ಟರು, ತಿಂದೆ, ರುಚಿ ಇತ್ತು. ನೀರು ತರಲು ಮೆಟ್ಟಿಲು ಇಳಿಯುವಾಗ ಅರ್ಥವಾಯಿತು, ಅದು ನನ್ನನ್ನು ಕಾಡಿಸಲು ಆಡಿದ ಮಾತು ಅಂತ. ಅಲ್ಲೇ ಕೊಡ ಹಿಡಿದು ನಿಂತೆ. ಎರಡು ವಾರದಿಂದ ನಾನು ಒಳಗೆ ಬಂದರೆ ಇವರ ಮಾತು ನಿಲ್ಲುತ್ತಿದ್ದದ್ದು, ಕಾಲೇಜಿಗೆ ನನ್ನನ್ನು ಬಿಟ್ಟು ಹೋಗುತ್ತಿದ್ದದ್ದು, ಎಲ್ಲ ಒಂದೇ ಸಲ ಕಣ್ಣಿಗೆ ಬಂತು. ಖೋಲಿಯ ಒಳ್ಳೆಯದೆಲ್ಲ ನನ್ನ ಕಡೆ ಇತ್ತು, ಖೋಲಿಯವರು ಮಾತ್ರ ಇರಲಿಲ್ಲ.

ಆ ರವಿವಾರ ಚಟ್ನಿ ಕುಟ್ಟಿದಮೇಲೆ ಕಾಕು, "ಇವತ್ತ ಮಾರೂದೂ ನೀನೇ ಮಾರು" ಅಂದರು. ಹಿತ್ತಾಳೆಯ ಬಟ್ಟಲು ಅಳತೆ. ತುಂಬಿ, ಮೇಲೆ ಬೆರಳಿನಿಂದ ಸಮ ಮಾಡಿ, ಪೇಪರಿನಲ್ಲಿ ಸುರಿದು ಕಟ್ಟಿ ಕೊಡುವುದು. ನನ್ನ ಕೈ ಸಾಫು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆ ಇಲ್ಲ. ಮೂರು ಮಂದಿಗೆ ಕೊಟ್ಟೆ. ನಾಲ್ಕನೆಯವಳು ಪಕ್ಕದ ಓಣಿಯ ಮುದುಕಿ, ಪೊಟ್ಟಣ ಕಟ್ಟಲು ಹೋದರೆ ಕೈ ಅಡ್ಡ ಹಿಡಿದಳು.

"ತಡೀ ಬೇ. ಕಾಕುನ ಕೈ ಬೀಳಲಿ."

ಕಾಕು ಒಳಗಿನಿಂದ ಬಂದು, ಡಬ್ಬಿಯಲ್ಲಿ ಮೂರು ಬೆರಳು ಹಾಕಿ, ಒಂದು ಚಿಟಿಕೆ ಚಟ್ನಿ ಪೊಟ್ಟಣದ ಮೇಲೆ ಉದುರಿಸಿದರು. ಕೊಸರು. ಸಂತೆಯಲ್ಲಿ ನಾನು ಕೊಸರು ಕೇಳದೆ ಬಂದ ದಿನ ಇಲ್ಲ. ಬದನೆಕಾಯಿ ಕೊಂಡರೆ ಕೊತ್ತಂಬರಿ, ಜೋಳ ಕೊಂಡರೆ ಒಂದು ಬೊಗಸೆ. ಆದರೆ ಕೇಳದೇ ಕೊಡುವವರನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆವತ್ತೇ.

"ದಿನಕ್ಕ ಇಷ್ಟು ಮಂದಿ ಬರ್ತಾರ. ಇಷ್ಟಿಷ್ಟ್ ಕೊಟ್ರ ನಿಮಗ ಲುಕ್ಸಾನ ಅಲ್ಲೇನ್ರಿ?" ಅಂದೆ.

"ಅಳತಿ ಅವರದು" ಅಂದರು ಕಾಕು. "ಈ ಚಿಟಿಕಿ ನಂದು. ಅಳತಿ ಕೊಡೂದರಾಗ ನಂದೇನದ?"

ಅಷ್ಟೇ. ಆಮೇಲೆ ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದರು.

ನನಗೆ ತಿಳಿಯಿತು ಅಂದುಕೊಂಡೆ. ತಿಳಿದಿರಲಿಲ್ಲ. ತಿಂಗಳು ಮುಗಿಯಲು ಒಂದು ವಾರ ಇತ್ತು. ಮರುದಿನವೇ ಬೋರಾಮಣಿಯ ಹತ್ತಿರ ಹೋಗಿ, "ನಿನ್ನ ಕಿಟಕಿ ನಿನಗ ವಾಪಸ್ ಕೊಡ್ತೀನಿ. ಕಾಕು ಕೇಳಿದಾಗ ಇರಲಿ ಅನ್ನು, ಸಾಕು" ಅಂದೆ. ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ. ಬೋರಾಮಣಿ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದಳು.

"ಅದನ್ನೂ ಮಾರಾಕ ಬಂದಿಯೇನು? ಕಿಟಕಿ ನೀನೇ ಇಟ್ಕೋ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಜೋಳದ ಚೀಲ ಎಸ್.ಟಿ. ಮೇಲೆ ಏರುವುದು ಕಣ್ಣ ಮುಂದೆ ಬಂತು.

ಅದೇ ವಾರ ನಾಗರಪಂಚಮಿ. ಹುಡುಗಿಯರೆಲ್ಲ ಊರಿಗೆ ಹೋದರು. ಮಂಗಳವೇಢೆಯನ್ನು ಕರೆಯಲು ಅವರಣ್ಣ ಬಂದ, ಬೋರಾಮಣಿಯನ್ನು ಅವರ ಕಾಕಾ ಬಂದು ಕರೆದೊಯ್ದ. ನಮ್ಮಣ್ಣನೂ ಬಂದಿದ್ದ. ಓದುವುದಿದೆ ಅಂತ ಸುಳ್ಳು ಹೇಳಿ ಕಳಿಸಿದೆ. ಎರಡು ದಿನದಲ್ಲಿ ಗಂಟು ಕಟ್ಟಿಕೊಂಡು ಹೋಗುವವಳು ಈಗ ಯಾವ ಮುಖ ಹೊತ್ತು ಜೋಕಾಲಿ ಆಡುವುದು?

ಮನೆಯಲ್ಲಿ ನಾನು, ಕಾಕು ಇಬ್ಬರೇ. ಕಾಕು ಜೋಳದ ಅಳ್ಳಿನ ಉಂಡಿ ಕಟ್ಟಿದರು. ಕಟ್ಟೆಯ ಮೇಲೆ ಕೂತು ತಿನ್ನುವಾಗ ಕೇಳಿದೆ, "ನೀವು ತವರಿಗೆ ಹೋಗಂಗಿಲ್ಲೇನ್ರಿ ಕಾಕು?"

"ಪಂಚಮಿಗಿ ತಾನಾಗೇ ಹೋಗೂದಿಲ್ಲಲ. ಕರಿಯಾಕ ಯಾರರ ಬರಬೇಕು."

"ದೂರ ಏನ್ರಿ?"

"ಎಲ್ಲೀದು ದೂರ. ಬಸ್ ಹತ್ತಿದ್ರ ತಾಸಿನ ಹಾದಿ" ಅಂದರು. ಸೆರಗಿನ ಮೇಲೆ ಬಿದ್ದ ಅಳ್ಳಿನ ಪುಡಿ ಕೊಡವಿಕೊಂಡು ಎದ್ದರು. ನಾನು ಇನ್ನೊಂದು ಉಂಡಿ ಕೈಗೆತ್ತಿಕೊಂಡೆ. ಯಾವ ಊರು ಅಂತ ಕೇಳಲಿಲ್ಲ.

ಮಧ್ಯಾಹ್ನ, ಯಾರೂ ಎಣಿಸದ ಹೊತ್ತಿಗೆ, ನಳ ಬಂತು. ಹಬ್ಬದ ದಿನ ಅಂತ ಬಿಟ್ಟರೋ, ಏನೋ. ನನ್ನ ಒಪ್ಪಂದ ಇದ್ದದ್ದು ಬೋರಾಮಣಿಯ ಎರಡು ಕೊಡಕ್ಕೆ ಮಾತ್ರ. ಅವು ತುಂಬಿದವು. ನನ್ನವು ತುಂಬಿದವು. ನೀರು ಇನ್ನೂ ಬರುತ್ತಿತ್ತು. ಮಂಗಳವೇಢೆಯ ಬಾದಲಿ ಖಾಲಿ ಬಿದ್ದಿತ್ತು, ಪಕ್ಕದ ಖೋಲಿಯವರ ಕೊಡಗಳೂ ಖಾಲಿ ಇದ್ದವು. ಇವರೆಲ್ಲ ಮರುದಿನ ಬಂದರೆ ಮುಂದೆ ಮೂರು ದಿನ ಮುಖ ತೊಳೆಯಲೂ ನೀರಿಲ್ಲ. ಖರೇ ಹೇಳುತ್ತೇನೆ, ಆ ಹೊತ್ತಿಗೆ ನನ್ನ ತಲೆಯಲ್ಲಿ ಕೊಸರೂ ಇರಲಿಲ್ಲ, ಕಾಕುವಿನ ಮಾತೂ ಇರಲಿಲ್ಲ. ಹೇಗೂ ಹೋಗುವವಳು, ನೀರು ಸುಮ್ಮನೆ ಹರಿದು ಹೋಗುವುದನ್ನು ನೋಡಲಾಗದೆ ತುಂಬಿದೆ. ಮಾಳಿಗೆ ಏರಿ ಇಳಿದು, ಏರಿ ಇಳಿದು, ಕಾಲು ಸೋತು ಮೆಟ್ಟಿಲ ಮೇಲೆಯೇ ಕೂತೆ. ಕಾಕು ಕೆಳಗಿನಿಂದ ನೋಡಿ ಒಳಗೆ ಹೋದರು.

ಮರುದಿನ ಇಬ್ಬರೂ ಮಳೆಯಲ್ಲಿ ತೊಯ್ದು, ಕಾಲಿಗೆಲ್ಲ ಎರೆಮಣ್ಣು ಮೆತ್ತಿಕೊಂಡು ಬಂದರು. ನೀರು ತಪ್ಪಿತು ಅಂತ ಓಣಿಯಲ್ಲೇ ಗೊತ್ತಾಗಿ ಗೊಣಗುತ್ತಾ ಮೇಲೆ ಬಂದವರು ಬಾಗಿಲಲ್ಲಿ ನಿಂತುಬಿಟ್ಟರು. ಸಾಲಾಗಿ ತುಂಬಿದ ಕೊಡ, ಬಾದಲಿ, ಚಹಾದ ಪಾತೇಲಿ ಕೂಡ. ಬೋರಾಮಣಿ ಒಂದೊಂದನ್ನೇ ನೋಡಿ ನನ್ನ ಕಡೆ ತಿರುಗಿದಳು.

"ಇದಕ್ಕ ಏನ್ ಬೇಕು ನಿನಗ?"

ಈ ಸಲ ಅದು ಕಾಡಿಸುವ ಮಾತಲ್ಲ. ಖರೇನೇ ಕೇಳಿದ್ದಳು. 'ಇರಲಿ ಅನ್ನು' ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಂಥ ದರ ಮತ್ತೆ ಸಿಗುತ್ತಿರಲಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ಏನಿಲ್ಲ. ಕಾಲು ತೊಳ್ಕೋರಿ ಮೊದಲ. ಎರಿ ಒಣಗಿದ್ರ ಹೋಗಂಗಿಲ್ಲ."

ಮಂಗಳವೇಢೆ ನನ್ನ ಹಣೆ ಮುಟ್ಟಿ ನೋಡಿದಳು. "ಜ್ವರ ಬಂದಾವ ಕಾಯ್ ಈಕಿಗೆ?"

ಬೋರಾಮಣಿ ನಕ್ಕಳು. ನಾನು ಆ ಖೋಲಿಗೆ ಬಂದಮೇಲೆ ಆಕೆ ನಕ್ಕದ್ದು ಅದೇ ಮೊದಲು. ಕಾಲು ತೊಳೆದುಕೊಂಡು ಬಂದು ಇಬ್ಬರೂ ಗಂಟು ಬಿಚ್ಚಿದರು. ಶೇಂಗಾ ಉಂಡಿ, ಎಳ್ಳಿನ ಉಂಡಿ, ಬೇಸನ್ ಉಂಡಿ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನನ್ನ ಕಾಟಿನ ಮೇಲೆ, ಕಿಟಕಿಯ ಹತ್ತಿರ, ಅಪ್ಪನ ಕಂಬಳಿ ಹಾಸಿ ಮೂವರೂ ಕೂತೆವು. ಮಳೆ ಸುರಿಯುತ್ತಿತ್ತು. ಮಂಗಳವೇಢೆ ಅವರಣ್ಣನಿಗೆ ನೋಡಿದ ಹೆಣ್ಣಿನ ಸುದ್ದಿ ಹೇಳಿದಳು, ಮೂರು ಸಲ ಹೇಳಿದಳು, ಮೂರು ಸಲವೂ ನಕ್ಕೆವು...

ತಿಂಗಳು ತುಂಬಿದ ದಿನ ಕಾಕು ಮೆಟ್ಟಿಲ ಕೆಳಗಿನಿಂದಲೇ ಕೂಗಿದರು. "ಏ ಮಂಗಳವೇಢೆ, ಏ ಬೋರಾಮಣಿ, ಕುರನೂರದ್ದು ಏನ್ ಮಾಡೂಣು?"

ನಾನು ಪುಸ್ತಕ ತಲೆಕೆಳಗಾಗಿ ಹಿಡಿದು ಓದುತ್ತಿದ್ದೆ.

"ಇರಲಿ ಬಿಡ್ರಿ" ಅಂತ ಬೋರಾಮಣಿ ಕೂಗಿದಳು. "ಕಳಿಸಿದ್ರ ಬಸ್ಸಿನ ಕಂಡಕ್ಟರನ ಜೋಡಿ ಸೀಟಿಗೆ ವಾದ ಮಾಡ್ಕೋತ ಹೊಕ್ಕಾಳ. ಪಾಪ ಅವ."

ಮರುದಿನ ನನ್ನ ಊಟ ಹೊಸ ತಾಟಿನಲ್ಲಿ ಬಂತು. ಅಂಚಿನ ಮೇಲೆ ಮರಾಠಿ ಅಕ್ಷರದಲ್ಲಿ ಕುರನೂರ. ಅಕ್ಷರ ಕೊರೆದ ಜಾಗ ಇನ್ನೂ ಒರಟಾಗಿತ್ತು, ಬೆರಳಿಗೆ ಹತ್ತುತ್ತಿತ್ತು. ಊಟ ಮುಗಿಯುವ ತನಕ ಅದನ್ನೇ ಸವರುತ್ತಾ ಕೂತೆ. ಬೋರಾಮಣಿ ತನ್ನ ಕಿಟಕಿ ಮತ್ತೆ ಕೇಳಲೇ ಇಲ್ಲ. ಮುಂದೆ ನಾವು ಅದಕ್ಕೆ ಪಾಳಿ ಹಾಕಿಕೊಂಡೆವು, ಅದೂ ಬರೀ ಮಾತಿಗೆ. ಯಾರಿಗೆ ಪರೀಕ್ಷೆ ಹತ್ತಿರವೋ ಅವರಿಗೆ ಕಿಟಕಿ.

ಇವತ್ತಿಗೂ ನಾವು ಮೂವರೂ ಫೋನಿನಲ್ಲಿ ದಿನಾ ಮಾತಾಡುತ್ತೇವೆ. ನನ್ನ ಅಂಗಡಿಯ ಮೊದಲ ದೊಡ್ಡ ಗಿರಾಕಿ ಮಂಗಳವೇಢೆಯ ಅಣ್ಣ. ನಾನು ಕೇಳಿರಲಿಲ್ಲ, ಆಕೆ ತಾನಾಗಿ ಕಳಿಸಿದ್ದಳು. ಹೊಸದಾಗಿ ಹಾಸ್ಟೆಲಿಗೆ ಹೋಗುವ ಮಕ್ಕಳಿಗೆ ನಾನು ಹೇಳುವುದು, ಕಾಟು, ಫಳಿ, ಪಾಳಿ ಎಲ್ಲ ಕೇಳಿ ತಗೊಳ್ಳಿ, ಬಿಡಬೇಡಿ. ಆದರೆ ಮೊದಲ ತಿಂಗಳಲ್ಲಿ ಒಂದು ಚಿಟಿಕೆಯಾದರೂ ಯಾರೂ ಕೇಳದೇ ಇದ್ದಾಗ ಕೊಡಿ.

ಕಾಕು ತೀರಿಕೊಂಡು ಕೆಲವು ವರ್ಷ ಆಯಿತು. ಮನೆ ಮಾರುವ ಮುಂಚೆ ಅವರ ಮೈದುನನ ಮಗ ಫೋನು ಮಾಡಿ, ಭಾಂಡೆಗಳಿವೆ, ಬೇಕಾದ್ದು ಒಯ್ಯಿರಿ ಅಂದ. ಹೋದೆ. ಹುಡುಗಿಯರು ಕಾಲೇಜು ಮುಗಿಸಿ ಹೋಗುವಾಗ ತಾಟನ್ನು ಅಲ್ಲೇ ಬಿಟ್ಟು ಹೋಗುವುದು ಆ ಮನೆಯ ರೂಢಿ. ಅಡುಗೆಮನೆಯಲ್ಲಿ ತಾಟುಗಳ ದೊಡ್ಡ ಒಟ್ಟಿಲು. ಒಂದೊಂದಾಗಿ ತೆಗೆದರೆ ಜಿಲ್ಲೆಯ ಎಷ್ಟೋ ಊರು ಅಲ್ಲೇ ಇದ್ದವು. ನನ್ನ ಕುರನೂರ ಸಿಕ್ಕಿತು. ಮಂಗಳವೇಢೆ, ಬೋರಾಮಣಿ ಕೂಡ ಸಿಕ್ಕವು, ಅವರವರಿಗೆ ಮುಟ್ಟಿಸಿದೆ. ಎಲ್ಲದರ ಕೆಳಗೆ ಒಂದು ಹಳೆಯ ಹಿತ್ತಾಳೆ ತಾಟು ಇತ್ತು. ಕಾಕುವಿನದು. ಅವರು ನಮ್ಮೆಲ್ಲರ ಊಟ ಆದಮೇಲೆ ಒಬ್ಬರೇ ಉಂಡು, ತೊಳೆದು, ಬೋರಲು ಹಾಕಿಡುತ್ತಿದ್ದ ತಾಟು. ನಾವು ಯಾರೂ ಅದರ ಮುಖ ನೋಡಿದವರಲ್ಲ. ಕಿಟಕಿ ಹತ್ತಿರ ಹಿಡಿದು ನೋಡಿದೆ. ಮಶೀನಿನದಲ್ಲ, ಯಾರೋ ಕೈಯಿಂದ ಚುಕ್ಕಿ ಚುಕ್ಕಿ ಹೊಡೆದು ಬರೆದ ಅಕ್ಷರ. ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಸವೆದಿದ್ದವು. ಆದರೂ ಓದಲು ಬರುತ್ತಿತ್ತು.

ಅಕ್ಕಲಕೋಟ.

ಎಂದೋ ಒಂದು ಕಾಲಕ್ಕೆ ಆ ಮನೆಗೆ ಸೊಸೆಯಾಗಿ ಹೊಸದಾಗಿ ಬಂದ ಹುಡುಗಿ ಅವರು. ಅವರನ್ನೂ ಯಾರೋ ಊರಿನ ಹೆಸರು ಹಿಡಿದು ಕರೆದಿದ್ದರು...

ನಾನು ಪ್ರತಿ ಸಲ ಬಸ್ಸು ಬದಲಿಸಿದ್ದು ಅದೇ ಅಕ್ಕಲಕೋಟದಲ್ಲಿ. ಬಂದಾಗಲೆಲ್ಲ ಅವರು ಕೇಳಿದ್ದು ಅದೇ ಸ್ಟ್ಯಾಂಡಿನ ಸುದ್ದಿ. ಪಂಚಮಿಗೆ ಕರೆಯಲು ಯಾರಾದರೂ ಬರಬೇಕು ಅಂತ ಬಾಯಿ ಬಿಟ್ಟು ಹೇಳಿದ್ದರು. ಆಮೇಲೆ ಎರಡು ಪಂಚಮಿಗೆ ನಾನು ಅದೇ ದಾರಿಯಲ್ಲಿ ಊರಿಗೆ ಹೋದೆ. 'ಕಾಕು, ನನ್ನ ಜೋಡಿ ಬರ್ತೀರೇನು' ಅಂದಿದ್ದರೆ ಸಾಕಿತ್ತು. ಸಂತೆಯ ದಲಾಲನನ್ನು ಬಿಡಲಿಲ್ಲ, ವಾರ್ಡನ್ನರನ್ನು ಬಿಡಲಿಲ್ಲ, ಅಂಗಡಿಗೆ ಸಾಲ ಕೊಟ್ಟ ಬ್ಯಾಂಕಿನ ಸಾಹೇಬರನ್ನು ಬಿಡಲಿಲ್ಲ. ಕೇಳಿದರೆ ಏನು ಹೋಗುತ್ತದೆ ಅಂತ ಜಗತ್ತನ್ನೆಲ್ಲ ಕೇಳಿದವಳು ನಾನು. ಇದೊಂದನ್ನು ಕೇಳಲಿಲ್ಲ.

ಹೋದ ವಾರ ಹುಡುಗಿಯನ್ನು ಬಿಡಲು ಹೋಗುವಾಗ ನನ್ನ ತಾಟು, ಕಾಕುವಿನ ತಾಟು ಎರಡನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೆ. ಒಂದು ಉಣ್ಣಲು, ಒಂದು ಮುಚ್ಚಲು, ಕೆಲಸಕ್ಕೆ ಬರುತ್ತವೆ ಅಂತ. ಕುರನೂರ ಆಕೆಗೆ ಕೊಟ್ಟೆ. ಹೇಗೂ ಆಕೆಯ ಊರೂ ಅದೇ. ಇನ್ನೊಂದನ್ನು ತೆಗೆಯಲು ಹೋದ ಕೈ ಹಾಗೇ ಹಿಂದೆ ಬಂತು. ಕಿಟಕಿ ಕಡೆಯ ಕಾಟು ವಾರ್ಡನ್ ಬಾಯಿಯವರು ಕೊಡಲಿಲ್ಲ. ಇನ್ನಷ್ಟು ಮಾತಾಡಿದ್ದರೆ ಕೊಡುತ್ತಿದ್ದರು. ಬಿಟ್ಟೆ. ಎದುರಿನ ಕಾಟಿನ ಹುಡುಗಿ ಆಗಲೇ ಚಟ್ನಿ ಡಬ್ಬಿಯ ಕಡೆ ನೋಡುತ್ತಿದ್ದಳು. "ಆಕಿಗೂ ಕೊಡು" ಅಂದೆ. "ಕೊಡ್ತೀನಿ ಅತ್ತಿ, ನೀ ಇನ್ನ ಹೋಗು" ಅಂದಳು ನಮ್ಮ ಹುಡುಗಿ.

ಅಣ್ಣನಿಗೆ ಸುದ್ದಿ ಮುಟ್ಟಿಸಲು ಸೋಲಾಪುರದಿಂದ ಹಾಗೇ ಊರಿನ ಕಡೆ ಹೊರಟೆ. ಅಕ್ಕಲಕೋಟದಲ್ಲಿ ಇಳಿದಾಗ ಕುರನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಗಿಡದ ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತು ಚೀಲದಿಂದ ತಾಟು ತೆಗೆದೆ. ಕಡಕ ರೊಟ್ಟಿ ಮುರಿದು ಹಾಕಿದೆ, ಹುಡುಗಿಯ ಡಬ್ಬಿಯಿಂದ ಕಟ್ಟಿಕೊಂಡು ಬಂದಿದ್ದ ಚಟ್ನಿ ಒಂದು ಚಮಚ ಹಾಕಿದೆ. ಆಮೇಲೆ ಮೂರು ಬೆರಳಿನಿಂದ ಒಂದು ಚಿಟಿಕೆ ಮೇಲೆ ಉದುರಿಸಿದೆ. ಪಕ್ಕದಲ್ಲಿ ಕೂತ ಮುದುಕ ತಾಟಿನ ಅಂಚು ಓದಿ, "ಇದೇ ಊರವರೇನ್ರಿ?" ಅಂದ. "ನಮ್ಮ ಕಾಕು ಇದೇ ಊರವರ್ರಿ" ಅಂದೆ.

ಗದ್ದಲ ಇತ್ತ್ರಿ ಕಾಕು, ಬಾಳ ಗದ್ದಲ ಇತ್ತು. ಬೇವಿನ ಗಿಡ ಐತ್ರಿ.